ಗಿರಿ ಬಿಟ್ಟು ಕೆರೆಯೇರಿಗೆ: ಕಾಡುಹೂಗಳ ನಡಿಗೆಯನ್ನು ಅಣಿಗೊಳಿಸಿದ ಅನುಭವ

ಚಿಕ್ಕಮಗಳೂರಿನಲ್ಲಿ ಹೂ ನೋಡಲು ಹೋಗೋಣ ಎಂದು ಯಾರಾದರೂ ಬಾಯಿ ತೆರೆದರೆ ಕೇಳಿದವರ ಕಣ್ಣು ತಾನಾಗಿ ಗಿರಿಯ ಕಡೆಗೆ ತಿರುಗುತ್ತದೆ. 2022ರ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಚಂದ್ರದ್ರೋಣ ಪರ್ವತದ ಇಳಿಜಾರುಗಳಲ್ಲಿ ಕುರಿಂಜಿ ಅರಳಿದ್ದನ್ನು ನೋಡಿ ಬಂದವರಿಗೆ ಹೂವೆಂದರೆ ಬೆಟ್ಟ ಎಂಬ ನಂಟು ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಆದ್ದರಿಂದ ಸಂಕ್ರಾಂತಿ ಕಳೆದ ಮೇಲೆ ಸೇರಿದ ನಮ್ಮ ನಡಿಗೆ ಬಳಗದ ಸಭೆಯಲ್ಲಿ, ವಸಂತದ ಕಾಡುಹೂಗಳನ್ನು ನೋಡಲೆಂದೇ ಒಂದೆರಡು ನಡಿಗೆಗಳನ್ನು ಏರ್ಪಡಿಸಬೇಕೆಂಬ ಮಾತು ಬಂದಾಗ, ಮೊದಲನೆಯದು ಮುಳ್ಳಯ್ಯನಗಿರಿಗೇ ಇರಲಿ ಎಂದು ಹೆಚ್ಚಿನವರು ಹೇಳಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಬೆಳಗಿನ ಹೊತ್ತು ಆಟದ ಮೈದಾನದ ಸುತ್ತ ನಡೆಯುವವರೇ ಸೇರಿ ಕಟ್ಟಿಕೊಂಡ ಬಳಗ ನಮ್ಮದು. ನಿವೃತ್ತ ಬ್ಯಾಂಕ್ ನೌಕರರು, ಅಂಗಡಿ ಇಟ್ಟುಕೊಂಡವರು, ಗೃಹಿಣಿಯರು, ಇಬ್ಬರು ದಾದಿಯರು ಅದರಲ್ಲಿದ್ದಾರೆ, ಐವತ್ತು ದಾಟಿದವರೇ ಹೆಚ್ಚು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು ಎಂಬ ಒಂದೇ ಕಾರಣಕ್ಕೆ ದಾರಿ ಗೊತ್ತುಮಾಡುವ, ದಿನ ನಿಶ್ಚಯಿಸುವ, ಹೂ ತೋರಿಸಿ ವಿವರಿಸುವ ಹೊಣೆಯೆಲ್ಲ ನನ್ನ ಪಾಲಿಗೆ ಬಂತು.

ಹೊಣೆ ಹೊತ್ತ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಗಿರಿಯನ್ನು ಪಟ್ಟಿಯಿಂದ ತೆಗೆದದ್ದು. ಇದಕ್ಕೆ ಬಳಗದಲ್ಲಿ ಸಾಕಷ್ಟು ಗೊಣಗಾಟ ಎದ್ದಿತಾದರೂ ಕಾರಣಗಳು ಗಟ್ಟಿಯಾಗಿದ್ದವು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಹುಲ್ಲುಗಾವಲು ಹೂಬಿಡುವುದು ಮುಖ್ಯವಾಗಿ ಮಳೆಗಾಲದಲ್ಲಿ ಮತ್ತು ಮಳೆ ಹಿಂದೆ ಸರಿಯುವ ಭಾದ್ರಪದ–ಆಶ್ವಯುಜದ ದಿನಗಳಲ್ಲಿ. ಫಾಲ್ಗುಣದಲ್ಲಿ ಅಲ್ಲಿಗೆ ಹೋದವರಿಗೆ ಕಾಣುವುದು ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲು, ಕಣಿವೆಗಳ ಮಡಿಲಲ್ಲಿ ಹಸಿರಾಗಿ ಉಳಿದಿರುವ ಶೋಲಾ ಕಾಡು, ಮತ್ತು ಕಾಳ್ಗಿಚ್ಚು ಹಬ್ಬದಿರಲೆಂದು ಅರಣ್ಯ ಇಲಾಖೆಯವರು ಸುಟ್ಟು ತೆರವು ಮಾಡಿದ ಬೆಂಕಿರೇಖೆಗಳು. ಎರಡನೆಯದಾಗಿ, ನಮ್ಮ ವಸಂತ ಋತುವೇ ಕಾಡಿಗೆ ಬೆಂಕಿಯ ಋತು. ಫೆಬ್ರವರಿಯಿಂದ ಮುಂಗಾರು ಹಿಡಿಯುವವರೆಗೆ ಪಶ್ಚಿಮಘಟ್ಟದ ಎಷ್ಟೋ ಚಾರಣ ದಾರಿಗಳನ್ನು ಇಲಾಖೆ ಮುಚ್ಚಿಬಿಡುತ್ತದೆ. ಉಳಿದ ತಿಂಗಳುಗಳಲ್ಲೂ ಮೊದಲಿನ ಹಾಗೆ ಮನಸ್ಸು ಬಂದಾಗ ಹೊರಟುಬಿಡುವಂತಿಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಒಮ್ಮೆಗೇ ನೆರೆದ ಮೇಲೆ ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ನಿಲ್ಲಿಸಿ, ಅನಂತರ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿಯನ್ನು ತರಲಾಯಿತು. ಇಷ್ಟರ ಮೇಲೆ ನಮ್ಮಲ್ಲಿ ಮಂಡಿನೋವಿನವರ ಸಂಖ್ಯೆಯೂ ಕಡಿಮೆಯದಲ್ಲ.

ಹಾಗಾದರೆ ವಸಂತದಲ್ಲಿ ಹೂವಿರುವುದು ಎಲ್ಲಿ? ಈ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯ ಮಳೆಯ ಲೆಕ್ಕದಲ್ಲೇ ಇದೆ. ಪೂರ್ವದ ಕಡೂರಿನ ಬಯಲಿನಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ಪಶ್ಚಿಮದ ಶೃಂಗೇರಿಯಲ್ಲಿ ಅದು 3,000 ಮಿಲಿಮೀಟರನ್ನೂ ದಾಟುತ್ತದೆ. ಬಯಲುಸೀಮೆಯ ಕುರುಚಲು ಗುಡ್ಡಗಳಲ್ಲಿ ಎಲೆ ಉದುರಿಸಿದ ಮರಗಳು ಶಿವರಾತ್ರಿಯ ಹೊತ್ತಿಗೆ ಬರಿಗೊಂಬೆಗಳಲ್ಲೇ ಹೂ ಬಿಡುತ್ತವೆ. ಎಲೆಯ ಮರೆಯಿಲ್ಲದ್ದರಿಂದ ಹಕ್ಕಿಗೂ ಜೇನಿಗೂ ಹೂ ದೂರದಿಂದಲೇ ಕಾಣುತ್ತದೆ, ಕಾಯಿ ಬಲಿತು ಬೀಜ ಉದುರುವ ವೇಳೆಗೆ ಮಳೆ ಹತ್ತಿರವಾಗಿರುತ್ತದೆ. ಕಾಫಿ ಸೀಮೆಯಲ್ಲಿ ಹೂವಿನ ಕಾಲವನ್ನು ತೀರ್ಮಾನಿಸುವುದು ಮಾರ್ಚ್–ಏಪ್ರಿಲಿನ ಹೂಮಳೆ, ಅಂದರೆ ಕಾಫಿಯ ಮೊಗ್ಗನ್ನು ಅರಳಿಸುವ ಮಳೆ. ಇನ್ನೂ ಪಶ್ಚಿಮಕ್ಕೆ ಸರಿದರೆ, ಭರಣಿ ಮಳೆ ನೆಲ ನೆನೆಸಿದ ಮೇಲೆ ಗೆಡ್ಡೆ ಗಿಡಗಳು ಎದ್ದು ಹೂವಾಗುತ್ತವೆ. ಹೀಗೆ ಹೂವು ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತದೆ ಎಂದು ಇಟ್ಟುಕೊಂಡರೆ ಅದರ ಹಿಂದೆಯೇ ನಾವೂ ಸಾಗಬಹುದು ಎಂಬುದು ನನ್ನ ಯೋಜನೆಯ ತಿರುಳಾಯಿತು. ಮೊದಲ ನಡಿಗೆ ಸಖರಾಯಪಟ್ಟಣದ ಅಯ್ಯನಕೆರೆಯ ಆಸುಪಾಸಿನಲ್ಲಿ, ಎರಡನೆಯದು ಆಲ್ದೂರಿನ ಕಡೆಯ ಒಂದು ಕಾಫಿ ತೋಟದ ದಾರಿಯಲ್ಲಿ, ಮೂರನೆಯದು ಅಲ್ಲಿಂದ ಬಾಳೆಹೊನ್ನೂರಿನ ಕಡೆಗೆ ಇಳಿಯುವ ರಸ್ತೆಯ ಒಳಗಿರುವ ಒಂದು ಹಳ್ಳಿಯ ಗದ್ದೆಬಯಲು ಮತ್ತು ದೇವರಕಾಡಿನ ಅಂಚಿನಲ್ಲಿ.

ದಾರಿ ಗೊತ್ತಾದೊಡನೆ ಅದು ಯಾರ ನೆಲ ಎಂಬುದನ್ನು ತಿಳಿದುಕೊಳ್ಳಬೇಕಾಗಿತ್ತು, ಇದು ಕಾಣುವಷ್ಟು ಸುಲಭದ ಕೆಲಸವಲ್ಲ. ಒಂದೇ ಗುಡ್ಡದ ಒಂದು ಮಗ್ಗುಲು ಗೋಮಾಳವಾಗಿರುತ್ತದೆ, ಇನ್ನೊಂದು ಮಗ್ಗುಲು ಮೀಸಲು ಅರಣ್ಯವಾಗಿರುತ್ತದೆ, ನಡುವೆ ಗಡಿಕಲ್ಲೊಂದನ್ನು ಬಿಟ್ಟರೆ ಗುರುತಿಗೆ ಬೇರೇನೂ ಇರುವುದಿಲ್ಲ. ನಾನು ದಾರಿಯ ನಕ್ಷೆಯನ್ನು ಕೈಯಲ್ಲೇ ಬರೆದುಕೊಂಡು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ನಾವು ಅರಣ್ಯದೊಳಗೆ ಕಾಲಿಡುವುದಿಲ್ಲ, ಬೆಂಕಿಪೊಟ್ಟಣ ತರುವುದಿಲ್ಲ, ಏನನ್ನೂ ಕೀಳುವುದಿಲ್ಲ ಎಂದು ಬರೆದುಕೊಟ್ಟೆ. ಕಾಗದ ಕೊಡಲೇಬೇಕೆಂಬ ನಿಯಮವೇನೂ ನಮ್ಮ ದಾರಿಗೆ ಅನ್ವಯಿಸುತ್ತಿರಲಿಲ್ಲ. ಆದರೂ ಬೇಸಿಗೆಯಲ್ಲಿ ಗುಂಪೊಂದು ಗುಡ್ಡದ ಬದಿಯಲ್ಲಿ ಓಡಾಡುವಾಗ ಕಾವಲಿನವರಿಗೆ ಮೊದಲೇ ತಿಳಿದಿರುವುದು ಎರಡು ಕಡೆಯವರಿಗೂ ನೆಮ್ಮದಿ. ಗಡಿ ಎಲ್ಲಿದೆ ಎಂದು ಅಲ್ಲಿನ ಅರಣ್ಯ ರಕ್ಷಕರೇ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿದರು, ನಾನು ಗುರುತು ಮಾಡಿಕೊಂಡಿದ್ದ ಒಂದು ಇಳಿಜಾರು ಆ ಗೆರೆಯಿಂದ ಆಚೆಗೆ ಬಿದ್ದು ಕೈಬಿಟ್ಟುಹೋಯಿತು. ದೇವರಕಾಡಿಗೆ ದೇವಸ್ಥಾನದ ಸಮಿತಿಯವರನ್ನೂ ತೋಟಕ್ಕೆ ಮಾಲೀಕರನ್ನೂ ಕೇಳಿದ್ದಾಯಿತು.

ಮೊದಲ ದಾರಿಯ ಬಗ್ಗೆ ವಿವರವಾಗಿಯೇ ಹೇಳಬೇಕು, ಏಕೆಂದರೆ ಬಳಗದವರಿಗೆ ತೀರ ಕಡಿಮೆ ನಿರೀಕ್ಷೆಯಿದ್ದದ್ದು ಅದರ ಮೇಲೆಯೇ. ಶಕುನಗಿರಿಯ ತಪ್ಪಲಿನಲ್ಲಿರುವ ಅಯ್ಯನಕೆರೆಯನ್ನು ನಮ್ಮಲ್ಲಿ ನೋಡದವರಿಲ್ಲ. ಕೋಡಿ ಬಿದ್ದಾಗ ಹೋಗಿ ಫೋಟೊ ತೆಗೆಸಿಕೊಂಡು ಬರುವುದು ರೂಢಿ. ಬೇಸಿಗೆಯ ಬಿಸಿಲಿನಲ್ಲಿ ಅಲ್ಲೇನಿದೆ ಎಂಬುದು ಎಲ್ಲರ ಪ್ರಶ್ನೆಯಾಗಿತ್ತು. ಶಿವರಾತ್ರಿಗೆ ಮುಂಚೆಯೇ ನಾನೂ ಬಳಗದ ಇನ್ನೊಬ್ಬರೂ ಸೇರಿ ಸುತ್ತಮುತ್ತಲ ಹಳ್ಳಿಗಳ ಗಾಡಿಜಾಡುಗಳಲ್ಲಿ ಅಡ್ಡಾಡಿ ನೋಡಿದೆವು. ಅಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರ ಪರಿಚಯವಾದದ್ದು ಇಡೀ ಯೋಜನೆಗೆ ದೊರೆತ ದೊಡ್ಡ ಬಲ. ಮುತ್ತುಗ ಎಲ್ಲಿ ಚೆನ್ನಾಗಿದೆ ಅಜ್ಜ ಎಂದು ಕೇಳಿದರೆ, “ಈ ವರ್ಷ ಮುಂದಾಗಿ ಬಿಟ್ಟೈತೆ ಮೇಷ್ಟ್ರೇ, ನೀವು ಹಬ್ಬ ಕಳೀಲಿ ಅಂತ ಕೂತ್ರೆ ನೆಲದ ಮೇಲಿರೋದ್ನ ನೋಡ್ಬೇಕಾಯ್ತದೆ” ಎಂದರು. ಅವರ ಮಾತಿನಂತೆ ನಡಿಗೆಯನ್ನು ಒಂದು ವಾರ ಮೊದಲೇ ಇಟ್ಟುಕೊಂಡೆವು, ನಡಿಗೆಯ ದಿನ ಅವರನ್ನೇ ಜೊತೆಗೆ ಕರೆದುಕೊಂಡೆವು, ಅವರ ಅರ್ಧ ದಿನದ ಕೂಲಿಯನ್ನು ಬಳಗದ ಖರ್ಚಿನಲ್ಲಿ ಬರೆದುಕೊಂಡೆವು. ಊರಿನವರ ತಿಳಿವಳಿಕೆಯನ್ನು ಪುಕ್ಕಟೆಯಾಗಿ ಪಡೆದು ಕೈಮುಗಿದು ಬರುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ.

ಆ ದಾರಿಯಲ್ಲಿ ನಾವು ಮೂರು ಗಂಟೆಯಲ್ಲಿ ನಡೆದದ್ದು ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು. ದಿನವೂ ಹತ್ತು ಸಾವಿರ ಹೆಜ್ಜೆ ಹಾಕಿದ್ದೇನೆಂದು ಕೈಗಡಿಯಾರ ತೋರಿಸುವ ಸದಸ್ಯರೊಬ್ಬರಿಗೆ ಇದು ಬಹಳ ಕಷ್ಟವಾಯಿತು. ಅವರು ಮುಂದೆ ಹೋಗಿ, ನಿಂತು, ಹಿಂದೆ ಬಂದು ತಮ್ಮ ಹೆಜ್ಜೆಗಳನ್ನು ಪೂರೈಸಿಕೊಂಡರು. ಆದರೆ ಹೂ ನೋಡುವ ನಡಿಗೆಯಲ್ಲಿ ನಿಲ್ಲುವುದೇ ಮುಖ್ಯ ಕೆಲಸ. ಹೂ ತುಂಬಿದ ಒಂದು ಮುತ್ತುಗದ ಮರದಿಂದ ಸ್ವಲ್ಪ ದೂರದಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳುವುದನ್ನು ನಾನು ಯೋಜನೆಯಲ್ಲೇ ಸೇರಿಸಿದ್ದೆ. ಸೂರಕ್ಕಿಗಳು, ಮೈನಾಗಳು, ಕಾಜಾಣಗಳು ಒಂದರ ಹಿಂದೆ ಒಂದರಂತೆ ಬಂದು ಮಕರಂದ ಕುಡಿದು ಹೋಗುವುದನ್ನು ನೋಡಿದ ಮೇಲೆ, ಈ ಮರಕ್ಕೆ ಪರಿಮಳವೇಕಿಲ್ಲ ಎಂಬ ಪ್ರಶ್ನೆ ತಾನಾಗಿ ಬಂತು. ಹಕ್ಕಿಯನ್ನು ಕರೆಯುವ ಹೂವಿಗೆ ಬಣ್ಣ ಸಾಕು ಎಂದು ವಿವರಿಸುವುದೂ ಸುಲಭವಾಯಿತು. ಅನಂತರ ಉದುರಿದ ಹೂಗಳನ್ನು ಎಲ್ಲರ ಕೈಗೂ ಕೊಟ್ಟು, ದಳಗಳನ್ನು ಬಿಡಿಸಿ, ಒಳಗಿನ ಹತ್ತು ಕೇಸರಗಳಲ್ಲಿ ಒಂಬತ್ತು ಕೂಡಿಕೊಂಡು ಒಂದು ಮಾತ್ರ ಬಿಡಿಯಾಗಿರುವುದನ್ನು ಹುಡುಕಿಸಿದೆ. ಅವರೆ, ತೊಗರಿ, ಬಟಾಣಿಗಳ ಹೂವಿನಲ್ಲೂ ಇದೇ ಏರ್ಪಾಡು ಎಂದಾಗ, ಹಿತ್ತಲಲ್ಲಿ ಅವರೆ ಹಾಕಿರುವ ಹೆಂಗಸರೊಬ್ಬರು, ಮನೆಗೆ ಹೋಗಿ ಪರೀಕ್ಷಿಸಿಯೇ ನಂಬುವುದಾಗಿ ಹೇಳಿದರು.

ಕಲ್ಲುಬಂಡೆಗಳ ಸಂದಿಯಲ್ಲಿ ಒಂದೆಲೆಯೂ ಇಲ್ಲದೆ ಅಂಗೈಯಗಲದ ಹಳದಿ ಹೂ ಬಿಟ್ಟು ನಿಂತ ಅರಿಶಿನ ಬೂರುಗ ಹೆಚ್ಚಿನವರಿಗೆ ಹೊಸದು. ಕೆಂಪು ಬೂರುಗವನ್ನು ಬಲ್ಲವರು ಇದನ್ನು ನೋಡಿರಲಿಲ್ಲ. ಕೆಂಪು ಬೂರುಗದ ಬಳಿ ಬೇರೆಯದೇ ಎಚ್ಚರಿಕೆ ಬೇಕಾಯಿತು. ಎತ್ತರದ ಬೂರುಗದ ಕೊಂಬೆಗಳಲ್ಲಿ ಹೆಜ್ಜೇನು ಕಟ್ಟುವುದು ಸಾಮಾನ್ಯ. ಹಿಂದಿನ ದಿನ ಹೋಗಿ ನೋಡಿ ಬಂದಿದ್ದರಿಂದ ಆ ಮರದ ಬುಡಕ್ಕೆ ಹೋಗದೆ ದೂರದಿಂದಲೇ ದುರ್ಬೀನಿನಲ್ಲಿ ಹೂ ತೋರಿಸಿದೆ. ಸುಗಂಧ ಹಾಕಿಕೊಂಡು ಬರಬಾರದು, ಬೀಡಿ–ಸಿಗರೇಟು ಹಚ್ಚಬಾರದು, ಜೇನು ಎದ್ದರೆ ಕೂಗದೆ ಮುಖ ಮುಚ್ಚಿಕೊಂಡು ದೂರ ಸರಿಯಬೇಕು ಎಂಬ ಸೂಚನೆಗಳನ್ನು ಹೊರಡುವ ಮುನ್ನ ಓದಿ ಹೇಳಿದ್ದೆವು. ಗುಡ್ಡದ ಇಳಿಜಾರಿನ ಪೊದೆಗಳಲ್ಲಿ ಕೆಂಪಗೆ ಮಿಂಚುತ್ತಿದ್ದ ತಾಮ್ರಪುಷ್ಪಿಯನ್ನು ನೋಡಿ, ಆಯುರ್ವೇದದ ಅರಿಷ್ಟ–ಆಸವಗಳಿಗೆ ಹುದುಗು ಬರಿಸಲು ಹಾಕುವ ಧಾತಕಿ ಇದೇ ಎಂದು ಬಳಗದ ಔಷಧದಂಗಡಿಯವರು ಗುರುತಿಸಿದರು. ಮಾರ್ಗದರ್ಶಕನೊಬ್ಬನೇ ಮಾತನಾಡುತ್ತಿದ್ದರೆ ಇಂಥವು ಹೊರಬರುವುದಿಲ್ಲ. ಆ ಬಳಿಕ ಪ್ರತಿ ನಿಲುಗಡೆಯಲ್ಲೂ ನಾನು ಬಾಯಿ ತೆರೆಯುವ ಮುನ್ನ ಬೇರೆಯವರಿಗೆ ಏನು ಗೊತ್ತಿದೆಯೆಂದು ಕೇಳುವುದನ್ನು ನಿಯಮ ಮಾಡಿಕೊಂಡೆ.

ಎರಡನೆಯ ನಡಿಗೆಯ ದಿನವನ್ನು ನಿಶ್ಚಯಿಸಿದ್ದು ನಾವಲ್ಲ, ಮಳೆ. ಕಾಫಿ ಕಾಡುಹೂವಲ್ಲವಲ್ಲ ಎಂದು ಒಬ್ಬಿಬ್ಬರು ಆಕ್ಷೇಪಿಸಿದರು, ಆಕ್ಷೇಪ ನ್ಯಾಯವಾದದ್ದೇ. ಆದರೆ ಕಾಫಿ ಸೀಮೆಯಲ್ಲಿ ಹೂವಿನ ಕಾಲ ನೋಡಬೇಕೆಂದರೆ ಕಾಫಿಯ ಲೆಕ್ಕವನ್ನು ಬಿಟ್ಟು ಬೇರೆ ಪಂಚಾಂಗ ನನಗೆ ಕಾಣಲಿಲ್ಲ. ಚಳಿಗಾಲದಲ್ಲಿ ಮೂಡಿದ ಕಾಫಿಯ ಮೊಗ್ಗು ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತಿರುತ್ತದೆ. ಸುಮಾರು ಒಂದು ಇಂಚು ಮಳೆ ಬಿದ್ದರೆ ಮೊಗ್ಗು ನಿದ್ದೆಯಿಂದೆದ್ದು ಉಬ್ಬತೊಡಗಿ, ರೊಬಸ್ಟಾದಲ್ಲಿ ಏಳೆಂಟು ದಿನಕ್ಕೆ, ಅರೇಬಿಕಾದಲ್ಲಿ ಒಂಬತ್ತು–ಹತ್ತು ದಿನಕ್ಕೆ ಇಡೀ ತೋಟ ಒಮ್ಮೆಗೇ ಬೆಳ್ಳಗಾಗುತ್ತದೆ. ಆ ಬಿಳುಪು ನಿಲ್ಲುವುದು ಮೂರು–ನಾಲ್ಕು ದಿನ. ಮಳೆ ಅರ್ಧಂಬರ್ಧ ಬಿದ್ದರೆ ಹೂ ಸರಿಯಾಗಿ ಬಿಡಿಸಿಕೊಳ್ಳದೆ ಕೆಡುತ್ತದೆ, ಅದಕ್ಕೇ ಸ್ಪ್ರಿಂಕ್ಲರ್ ಇರುವವರು ರೊಬಸ್ಟಾಕ್ಕೆ ಫೆಬ್ರವರಿ–ಮಾರ್ಚಿನಲ್ಲೇ ನೀರು ಹಾರಿಸಿಬಿಡುತ್ತಾರೆ. ಆದ್ದರಿಂದ ನಮ್ಮ ಪ್ರಕಟಣೆಯಲ್ಲಿ ದಿನಾಂಕವೇ ಇರಲಿಲ್ಲ. ಆಲ್ದೂರಿನ ಕಡೆ ಒಂದು ಇಂಚು ಮಳೆಯಾದ ದಿನದಿಂದ ಒಂಬತ್ತನೆಯ ದಿನ ಬೆಳಿಗ್ಗೆ ಹೊರಡುವುದು ಎಂದಷ್ಟೇ ಬರೆದಿದ್ದೆವು.

ಇದು ಬಳಗದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಮದುವೆ, ನಾಮಕರಣಗಳ ಕಾಲದಲ್ಲಿ ದಿನ ಗೊತ್ತಿಲ್ಲದ ಕಾರ್ಯಕ್ರಮಕ್ಕೆ ಹೆಸರು ಕೊಡುವುದು ಹೇಗೆ ಎಂದು ಕೆಲವರು ಬೇಸರಿಸಿದರು. ಕೊನೆಗೆ, ಮಳೆಯಾದ ಸುದ್ದಿ ಬಂದ ಸಂಜೆಯೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಿಳಿಸುವುದು, ಎರಡು ದಿನದೊಳಗೆ ಬರುವವರು ಹೆಸರು ಕೊಡುವುದು ಎಂದಾಯಿತು. ತೋಟದ ಮಾಲೀಕರಾದ ಗೌಡರು ಮಳೆಯನ್ನು ಇಂಚು–ಸೆಂಟಿನ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು) ಲೆಕ್ಕದಲ್ಲಿ ಬರೆದಿಡುವವರು. ಹೆಚ್ಚಿನ ಪ್ಲಾಂಟರುಗಳ ಮನೆಗಳಲ್ಲಿ ಇಂಥ ಮಳೆ ಪುಸ್ತಕ ಇರುತ್ತದೆ. ಒಂದು ಸಂಜೆ ಅವರ ತೋಟದ ಲೆಕ್ಕ ನೋಡಿಕೊಳ್ಳುವ ರೈಟರು ಫೋನು ಮಾಡಿ, “ಸಾರ್, ಗೌಡ್ರು ಹೇಳಕ್ಕೆ ಹೇಳಿದ್ರು, ಒಂದಿಂಚು ಹದಿನೈದು ಸೆಂಟು ಆಗಿದೆ” ಎಂದಾಗ ನಾವು ಎಣಿಕೆ ಶುರುಮಾಡಿದೆವು. ಗೌಡರು ವಿಧಿಸಿದ ಷರತ್ತು ಒಂದೇ: ಜೀಪು ಓಡಾಡುವ ದಾರಿ ಬಿಟ್ಟು ಗಿಡಗಳ ಸಾಲಿನೊಳಗೆ ಯಾರೂ ಇಳಿಯಬಾರದು. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿಕಟ್ಟುವುದಿಲ್ಲ, ಗಾಳಿಯೂ ಜೇನೂ ಬೇರೆ ಗಿಡದ ಪರಾಗವನ್ನು ತಂದುಕೊಡಬೇಕು; ಅರೇಬಿಕಾ ಹಾಗಲ್ಲ. ಹೂವಿನ ಆ ನಾಲ್ಕು ದಿನಗಳಲ್ಲಿ ವರ್ಷದ ಫಸಲು ನಿರ್ಧಾರವಾಗುವುದರಿಂದ ಅವರ ಆತಂಕ ಅರ್ಥವಾಗುವಂಥದ್ದು.

ಆ ಬೆಳಿಗ್ಗೆ ಕಾಫಿಯ ಪರಿಮಳದಲ್ಲಿ ಎಲ್ಲರೂ ಮೈಮರೆತದ್ದು ನಿಜ, ಆದರೆ ನಡಿಗೆಯ ಉದ್ದೇಶ ಅದಾಗಿರಲಿಲ್ಲ. ನನಗೆ ತೋರಿಸಬೇಕಿದ್ದದ್ದು ತಲೆಯ ಮೇಲಿದ್ದ ನೆರಳಿನ ಮರಗಳನ್ನು. ಹಳೆಯ ತೋಟಗಳಲ್ಲಿ ಅತ್ತಿ, ಬಸರಿ, ಹಲಸು, ನೇರಳೆ, ನಂದಿ, ಬೀಟೆಗಳು ಉಳಿದುಕೊಂಡಿರುವುದರಿಂದ ಕಾಡಿನ ಒಂದು ಪಾಲು ಅಲ್ಲಿ ಇನ್ನೂ ಜೀವಂತವಾಗಿದೆ. ನೇರಳೆಯ ಚಿಕ್ಕ ಬಿಳಿ ಹೂಗಳು ಗೊಂಚಲು ಗೊಂಚಲಾಗಿ ಬಿಟ್ಟು ಮರವಿಡೀ ತುಡುವೆ ಜೇನಿನ ಸದ್ದಿನಿಂದ ತುಂಬಿತ್ತು. ಮೆಣಸಿನ ಬಳ್ಳಿ ಹೊತ್ತ ಹಾಲವಾಣದ ತುದಿಗಳಲ್ಲಿ ಕೆಂಪು ಹೂವಿನ ಕೊನೆಯ ಗೊಂಚಲುಗಳು ಉಳಿದಿದ್ದವು. ಬೇಲಿಯ ಕಡೆ ಮುಳ್ಳುಪೊದೆಯ ಕರ್ಜಿ ಬೆಳ್ಳಗೆ ಅರಳಿತ್ತು. ಬರೀ ಸಿಲ್ವರ್ ಓಕ್ ಹಾಕಿರುವ ಪಕ್ಕದ ತೋಟವನ್ನು ಇದರ ಪಕ್ಕದಲ್ಲಿಟ್ಟು ನೋಡಿ ಎಂದಷ್ಟೇ ಹೇಳಿದೆ. ಆಸ್ಟ್ರೇಲಿಯಾದಿಂದ ಬಂದ ಆ ಮರ ಬೇಗ ಬೆಳೆಯುತ್ತದೆ, ಮೆಣಸಿಗೆ ಕಂಬವಾಗುತ್ತದೆ, ಮಾರಿದರೆ ಹಣವಾಗುತ್ತದೆ, ಆದ್ದರಿಂದ ಬೆಳೆಗಾರರನ್ನು ಹಳಿಯುವುದು ನನಗೆ ಇಷ್ಟವಿರಲಿಲ್ಲ. ಹೋಲಿಸಿ ನೋಡಿದವರಿಗೆ ವ್ಯತ್ಯಾಸ ಕಂಡಿತು.

ಸುರಕ್ಷತೆಯ ವಿಷಯಕ್ಕೆ ಬಂದರೆ, ಆಲ್ದೂರಿನ ಕಡೆಯ ನಡಿಗೆಗೆ ಬಯಲುಸೀಮೆಯ ಲೆಕ್ಕ ನಡೆಯುವುದಿಲ್ಲ. ಅಲ್ಲಿನ ತೋಟಗಳಲ್ಲಿ ಕಾಡಾನೆಗಳ ಓಡಾಟ ಈಗ ನಿತ್ಯದ ಮಾತು. ಬೆಳಕು ಹರಿಯುವ ಮುನ್ನ ಹೊರಡುವ ಆಸೆಯನ್ನು ಬಿಟ್ಟು, ತೋಟದ ಕೆಲಸದಾಳುಗಳು ಬಂದು ದಾರಿಯಲ್ಲಿ ಓಡಾಡಿದ ಮೇಲೆಯೇ ನಾವು ಒಳಗೆ ಹೋಗುವುದೆಂದು ಮಾಡಿಕೊಂಡೆವು. ಆನೆ ಕಾರ್ಯಪಡೆಯವರು ಆನೆಗಳು ಇರುವ ಜಾಗವನ್ನು ತಿಳಿಸುವ ಸಂದೇಶಗಳನ್ನು ಹಿಂದಿನ ರಾತ್ರಿಯೂ ಅಂದಿನ ಬೆಳಿಗ್ಗೆಯೂ ನೋಡಿ, ರೈಟರನ್ನು ಕೇಳಿ, ಅನಂತರವೇ ವ್ಯಾನು ಹೊರಡಿಸಿದೆವು. ಆನೆ ಹತ್ತಿರದಲ್ಲಿದೆ ಎಂದಾದರೆ ನಡಿಗೆ ರದ್ದು, ಅದರಲ್ಲಿ ಚರ್ಚೆಯಿಲ್ಲ ಎಂದು ಹೆಸರು ಕೊಡುವಾಗಲೇ ಎಲ್ಲರಿಂದ ಒಪ್ಪಿಗೆ ಪಡೆದಿದ್ದೆವು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದಷ್ಟು ಚಿಕ್ಕದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಮಲೆನಾಡಿನ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಅದನ್ನು ಹರಡುವ, ರಕ್ತ ಹೀರುವ ಉಣ್ಣೆಹುಳುಗಳ ಹಾವಳಿ ಹೆಚ್ಚುವುದು ಸರಿಯಾಗಿ ನಾವು ಹೂ ನೋಡಲು ಹೊರಡುವ ಬೇಸಿಗೆ ತಿಂಗಳುಗಳಲ್ಲಿಯೇ. ಬಳಗದ ದಾದಿಯರು ಈ ಭಾಗವನ್ನು ಪೂರ್ತಿಯಾಗಿ ವಹಿಸಿಕೊಂಡರು. ತುಂಬುತೋಳಿನ ಅಂಗಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸುವುದು, ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳುವುದು, ದರಗಿನ (ಉದುರಿದ ಒಣ ಎಲೆಗಳ) ಮೇಲೆ ಕೂರದಿರುವುದು, ಮನೆಗೆ ಹೋದ ಕೂಡಲೇ ಬಿಸಿನೀರು ಸೋಪಿನಲ್ಲಿ ಮೈ ತೊಳೆದು ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು ಇವೆಲ್ಲವನ್ನೂ ಅವರೇ ಹೇಳಿಕೊಟ್ಟರು. ಮಂಗ ಸತ್ತ ಸುದ್ದಿ ಬಂದ ಕಡೆಗೆ ಹೋಗುವುದೇ ಇಲ್ಲ ಎಂದು ತೀರ್ಮಾನವಾಗಿತ್ತು. ಬಿಸಿಲೆಂದು ಅರ್ಧ ಚಡ್ಡಿ ಹಾಕಿಕೊಂಡು ಬಂದ ಹಿರಿಯರೊಬ್ಬರನ್ನು ಅವರು ಬಸ್ ನಿಲ್ದಾಣದಿಂದಲೇ ಮನೆಗೆ ಕಳಿಸಿ ಪ್ಯಾಂಟು ಹಾಕಿಸಿಕೊಂಡು ಬಂದರು. ನಾನಾಗಿದ್ದರೆ ಅಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಗುಂಪಿನ ಗಾತ್ರವನ್ನು ಇಪ್ಪತ್ತಕ್ಕೆ ಮಿತಿಗೊಳಿಸಿದ್ದೆವು. ಇಕ್ಕಟ್ಟಿನ ದಾರಿಯಲ್ಲಿ ನೆಲದ ಮೇಲಿನ ಒಂದು ಹೂವಿನ ಸುತ್ತ ಅದಕ್ಕಿಂತ ಹೆಚ್ಚು ಜನ ನಿಂತರೆ ಹಿಂದಿದ್ದವರಿಗೆ ಹೂ ಕಾಣುವುದಿಲ್ಲ, ಪಕ್ಕದ ಗಿಡ ಕಾಲಿಗೆ ಸಿಗುತ್ತದೆ. ಮುಂದೊಬ್ಬರು ದಾರಿ ತೋರಿಸುವುದು, ಎಲ್ಲರಿಗಿಂತ ಹಿಂದೆ ಒಬ್ಬರು ಯಾರನ್ನೂ ಬಿಡದೆ ಕರೆತರುವುದು ನಮ್ಮ ಕ್ರಮ. ಹಿಂದಿರುವವರ ಕೈಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮುಂದಿರುವವರ ಕೈಯಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಜಾಗಗಳನ್ನೂ 108 ವಾಹನ ಬಂದು ನಿಲ್ಲಬಹುದಾದ ತಿರುವನ್ನೂ ಗುರುತಿಸಿದ ನಕ್ಷೆ. ಹೆಂಗಸರಿಗೆ ಶೌಚಾಲಯದ ಅನುಕೂಲವಿರುವ ಜಾಗ ದಾರಿಯ ನಡುವೆ ಇರಲೇಬೇಕೆಂದು ಗೃಹಿಣಿಯರು ಹಟ ಹಿಡಿದರು. ಒಂದು ಕಡೆ ಶಾಲೆಯದು, ಇನ್ನೊಂದು ಕಡೆ ತೋಟದ ಮನೆಯದು ಸಿಕ್ಕಿತು, ಅದಕ್ಕೆ ಹೊಂದುವಂತೆ ಎರಡು ದಾರಿಗಳನ್ನು ತಿರುಗಿಸಬೇಕಾಯಿತು. ನಮ್ಮ ಕಡೆಯ ಚಾರಣಗಳಲ್ಲಿ ಹೆಂಗಸರು ಕಡಿಮೆ ಯಾಕೆ ಎಂದು ಅಚ್ಚರಿಪಡುವವರು ಮೊದಲು ಇದನ್ನು ಯೋಚಿಸಿದರೆ ಒಳ್ಳೆಯದು.

ಹೂ ಕೀಳುವ ವಿಷಯವೇ ಎಲ್ಲಕ್ಕಿಂತ ಕಷ್ಟದ್ದು. ಹೂ ಕಂಡರೆ ಮುಡಿಯುವುದು, ದೇವರಿಗೆ ಏರಿಸುವುದು ನಮ್ಮವರ ರಕ್ತದಲ್ಲೇ ಇದೆ. ಅದನ್ನು ಅಪರಾಧವೆಂಬಂತೆ ಮಾತನಾಡಿದರೆ ಯಾರೂ ಎರಡನೆಯ ಸಲ ಬರುವುದಿಲ್ಲ. ಬಿದ್ದ ಹೂವನ್ನು ಆರಿಸಿಕೊಳ್ಳಬಹುದು, ಗಿಡದ ಮೇಲಿನದನ್ನು ಮುಟ್ಟುವಂತಿಲ್ಲ ಎಂಬ ಒಪ್ಪಂದಕ್ಕೆ ಬಂದೆವು. ಲಂಟಾನಕ್ಕೆ ಮಾತ್ರ ವಿನಾಯಿತಿ ಕೊಟ್ಟೆವು. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ಬಂದು ನಮ್ಮ ಗೋಮಾಳಗಳನ್ನೂ ಕಾಡಿನ ಅಂಚುಗಳನ್ನೂ ಆವರಿಸಿಕೊಂಡಿರುವ ಆ ಪೊದೆಯ ಹೂವನ್ನು ಯಾರು ಎಷ್ಟು ಬೇಕಾದರೂ ಕಿತ್ತುಕೊಳ್ಳಲಿ. ಮರದ ಮೇಲೆ ಬೆಳೆಯುವ ಆರ್ಕಿಡ್ ಆದ ಸೀತಾಳೆಯ ವಿಷಯದಲ್ಲಿ ಇನ್ನೂ ಬಿಗಿಯಾಗಿದ್ದೆವು. ಹಿಂದೆ ಅದರ ದಂಡೆಯನ್ನು ಮುಡಿಯುತ್ತಿದ್ದರು, ಬುಡ ಮರದಲ್ಲೇ ಉಳಿಯುತ್ತಿತ್ತು. ಈಗ ಬೇರುಸಮೇತ ಎಬ್ಬಿಸಿ ಬಾಲ್ಕನಿಗೆ ಒಯ್ಯುವವರಿದ್ದಾರೆ. ಆದ್ದರಿಂದ ಸೀತಾಳೆ ಇರುವ ಮರದ ಚಿತ್ರವನ್ನು ಗುಂಪಿನಲ್ಲಿ ಹಂಚಿದರೂ ಜಾಗ ಹೇಳುವುದಿಲ್ಲ, ಗಿಡ–ಪ್ರಾಣಿಗಳ ಚಿತ್ರ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕುವಾಗ ಸ್ಥಳವನ್ನು ಮಸುಕಾಗಿಸಿಯೇ ಹಾಕುತ್ತೇವೆ.

ಮೂರನೆಯ ನಡಿಗೆಯ ಹೊತ್ತಿಗೆ ಭರಣಿ ಮಳೆ ಒಂದೆರಡು ಸಲ ಜೋರಾಗಿಯೇ ಸುರಿದಿತ್ತು. ಆ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಖಚಿತವೆಂದೇ ಇಟ್ಟುಕೊಂಡು ಹನ್ನೊಂದೂವರೆಯೊಳಗೆ ಸೂರಿನಡಿಗೆ ಬಂದುಬಿಡುವಂತೆ ವೇಳಾಪಟ್ಟಿ ಮಾಡಿದ್ದೆವು. ಹದಿನೈದು ದಿನದ ಹಿಂದೆ ದೂಳೆದ್ದಿದ್ದ ಅದೇ ದಾರಿಯ ಬದಿಯಲ್ಲಿ ಕಾಡರಿಸಿನ ಎಲೆ ಬಿಡುವುದಕ್ಕೂ ಮುಂಚೆ ನೆಲದಿಂದ ಹೂಗೊಂಡೆ ಮೇಲೆತ್ತಿತ್ತು. ಅದರ ತುದಿಯ ಗುಲಾಬಿ ಬಣ್ಣದ ಎಸಳುಗಳೇ ಹೂವೆಂದು ಎಲ್ಲರೂ ತಿಳಿದಿದ್ದರು. ನಿಜವಾದ ಹಳದಿ ಹೂ ಕೆಳಗಿನ ಹಸಿರು ಪುಟಗಳೊಳಗೆ ಇಣುಕುತ್ತಿರುವುದನ್ನು ತೋರಿಸಲು ಒಬ್ಬೊಬ್ಬರನ್ನೇ ಮೊಣಕಾಲೂರಿಸಬೇಕಾಯಿತು. ನೆಲತಾಳೆಯ ಹಳದಿ ನಕ್ಷತ್ರಗಳು ಮಣ್ಣಿಗೆ ಅಂಟಿಕೊಂಡಂತೆ ಅರಳಿದ್ದವು. ಮೊದಲ ದಿನ ಬಿಳಿಯಾಗಿದ್ದು ಆಮೇಲೆ ಹಳದಿಗೆ ತಿರುಗುವ ಕಾರೆ ಹೂಗಳಲ್ಲಿ ಇಂದಿನದ್ಯಾವುದು ನಿನ್ನೆಯದ್ಯಾವುದು ಎಂದು ಒಂದೇ ರೆಂಬೆಯಲ್ಲಿ ವಿಂಗಡಿಸುವ ಆಟ ಆಡಿದೆವು. ಹಳ್ಳದ ದಡದಲ್ಲಿ ಹೊಳೆದಾಸವಾಳ ನೇರಳೆ ಬಣ್ಣದಲ್ಲಿ ತುಂಬಿ ನಿಂತಿತ್ತು. ದೇವರಕಾಡಿನ ಒಳಗೆ ಚಪ್ಪಲಿ ಬಿಟ್ಟು ಹೋಗಬೇಕೆಂಬುದು ಅಲ್ಲಿನ ಕಟ್ಟಳೆ. ಆದರೆ ಉಣ್ಣೆಯ ಭಯವಿರುವಾಗ ಬರಿಗಾಲು ಸರಿಯಲ್ಲವೆಂದು ದಾದಿಯರು ಹೇಳಿದ್ದರಿಂದ, ಕಟ್ಟಳೆಯನ್ನು ಮುರಿಯದೆ, ಹೊರಗಿನ ಕಲ್ಲಿನ ಬಳಿಯಿಂದಲೇ ಕೈಮುಗಿದು, ಅಂಚಿನಲ್ಲಿ ನಿಂತು ನೋಡಿದೆವು. ಅಂಚಿನಲ್ಲಿದ್ದ ಹಲಸಿನ ಕೊಂಬೆಯ ಮೇಲೆ ಸೀತಾಳೆ ಆಗತಾನೆ ಮೊಗ್ಗು ಹೊತ್ತಿತ್ತು.

ಹಳ್ಳಿಯ ಮನೆಯೊಂದರಲ್ಲಿ ನಮಗೆ ಊಟದ ಏರ್ಪಾಡಾಗಿತ್ತು. ಆ ಮನೆಯ ಅಮ್ಮ ಹಿತ್ತಲಾಚೆಯ ಕೊಡಸಿಗೆ ಗಿಡದ ಬಿಳಿ ಹೂ ತಂದು ತಂಬುಳಿ ಮಾಡಿದ್ದರು. ಹೂ ಕೀಳಬಾರದೆಂದು ಮೂರು ಗಂಟೆ ಪಾಠ ಹೇಳಿ ಬಂದವರಿಗೆ ಹೂವಿನದೇ ಅಡುಗೆ ಬಡಿಸಿದ್ದನ್ನು ಕಂಡು ನಗೆಯೆದ್ದಿತು. “ಹೂ ಪೂರ್ತಿ ಕೀಳಲ್ಲ ಮೇಷ್ಟ್ರೇ, ಕೈಗೆಟುಕಿದ್ದು ಮಾತ್ರ, ಮೇಲಿಂದು ಗಿಡಕ್ಕೇ ಬಿಡೋದು” ಎಂದು ಅವರೇ ವಿವರಣೆ ಕೊಟ್ಟರು. ನಾವು ಬರೆದುಕೊಂಡಿದ್ದ ನಿಯಮಗಳ ಪಟ್ಟಿಯಲ್ಲಿ ಊರವರ ಬಳಕೆಗೆ ಜಾಗವೇ ಇರಲಿಲ್ಲ; ಅಂದೇ ಅದನ್ನು ಸೇರಿಸಿದೆವು.

ಮೂರೂ ನಡಿಗೆಗಳಲ್ಲಿ ಯಾವ ಹೂ ಯಾವ ವಾರ ಎಷ್ಟು ಅರಳಿತ್ತು ಎಂಬುದನ್ನು ಮೊಗ್ಗು, ಅರಳು, ಉದುರು ಎಂಬ ಮೂರು ಅಂಕಣಗಳಲ್ಲಿ ಬರೆದಿಟ್ಟಿದ್ದೇವೆ. ಇಬ್ಬರು ಸದಸ್ಯರು ತಮ್ಮ ಬೀದಿಯ ಹೊಂಗೆ ಮತ್ತು ಕಕ್ಕೆ ಮರಗಳನ್ನು ಆಯ್ದುಕೊಂಡು ಸೀಸನ್‌ವಾಚ್ ಯೋಜನೆಯಲ್ಲಿ ವಾರವಾರವೂ ಅವುಗಳ ಎಲೆ, ಹೂ, ಕಾಯಿಯ ಸ್ಥಿತಿಯನ್ನು ದಾಖಲಿಸತೊಡಗಿದ್ದಾರೆ. ಬರುವ ವರ್ಷಕ್ಕೆ ಅಯ್ಯನಕೆರೆಯ ದಾರಿಯನ್ನು ಎರಡು ಭಾಗ ಮಾಡಿ, ಮುತ್ತುಗಕ್ಕೊಂದು, ಏಪ್ರಿಲಿನ ಕಕ್ಕೆಗೊಂದು ಎಂದು ಬೇರೆ ಬೇರೆ ದಿನ ಇಡುವ ಯೋಚನೆಯಿದೆ. ಕುರಿ ಮೇಯಿಸುವ ಅಜ್ಜನಿಗೆ ಈಗಲೇ ಹೇಳಿ ಬಂದಿದ್ದೇವೆ. ಗಿರಿಯ ಆಸೆ ಬಿಡದವರ ಒತ್ತಾಯಕ್ಕೆ ಮಣಿದು ಭಾದ್ರಪದದ ಹುಲ್ಲುಗಾವಲಿನ ಹೂಗಳಿಗೆ ನಾಲ್ಕನೆಯದೊಂದು ನಡಿಗೆಯನ್ನು ಸೇರಿಸಿದ್ದೇವೆ, ಅದರ ನೋಂದಣಿ ಮತ್ತು ಅನುಮತಿಯ ಓಡಾಟವನ್ನು ಹೆಜ್ಜೆ ಎಣಿಸುವ ಸದಸ್ಯರಿಗೇ ವಹಿಸಿದ್ದೇವೆ.